ತಪ್ಪಿದ ಏಟಿನ ಚರಿತ್ರೆ

ಶಹಾಬಾದಿನ ಸುತ್ತ ಯಾವ ದಾರಿ ಹಿಡಿದರೂ ಚೂರುಕಲ್ಲಿನ ದಿಬ್ಬಗಳು ಎದುರಾಗುತ್ತವೆ. ವಾಡಿಯ ಕಡೆಗೂ ಅಷ್ಟೇ, ಚಿತ್ತಾಪುರದ ಕಡೆಗೂ ಅಷ್ಟೇ. ದಿಬ್ಬದಲ್ಲಿ ಮಣ್ಣಿದೆ, ಮೊದಲಿಂದಲೇ ಬಿರುಕು ಬಿಟ್ಟಿದ್ದ ಕಲ್ಲಿದೆ. ಅವುಗಳ ನಡುವೆ ನೆಲಕ್ಕೆ ಹಾಸುವ ಒಳ್ಳೆಯ ಪರಸಿ ಆಗಬಹುದಾಗಿದ್ದ ಕಲ್ಲೂ ಇದೆ: ಮೂಲೆ ಮುರಿದದ್ದು, ಅಡ್ಡ ಸೀಳಿದ್ದು, ಉಳಿ ಎರಡು ಬೆರಳು ಆಚೆ ಕೂತು ಕೆಟ್ಟದ್ದು. ನೇರವಾಗಿ ಎದ್ದ ಕಲ್ಲು ಲಾರಿ ಹತ್ತಿ ಊರು ಬಿಡುತ್ತದೆ, ಕೆಟ್ಟದ್ದು ಊರಲ್ಲೇ ಬೀಳುತ್ತದೆ. ಮನುಷ್ಯನ ಕಣ್ಣು ಮತ್ತು ಕೈ ಜೊತೆಯಾಗಿ ದುಡಿದ ಕತೆಯನ್ನು ಈ ಸೀಮೆಯಿಂದ ಹೇಳಬೇಕೆಂದರೆ ದಿಬ್ಬದಿಂದಲೇ ಶುರುಮಾಡುವುದು ನ್ಯಾಯ. ಗೆದ್ದ ಏಟು ಎಲ್ಲೋ ಮನೆಯ ನೆಲವಾಗಿ ಮರೆತುಹೋಗಿದೆ. ತಪ್ಪಿದ ಏಟಿಗೆ ಮಾತ್ರ ಇಲ್ಲಿ ಸಾಕ್ಷಿ ಇದೆ.

ಭೀಮೆ ಮತ್ತು ಕಾಗಿಣಾ ಹರಿಯುವ ಈ ಬಯಲಿನ ಕೆಳಗಿರುವುದು ಸುಣ್ಣಕಲ್ಲು. ಮೂಳೆಯಿರುವ ಪ್ರಾಣಿ ಭೂಮಿಯ ಮೇಲೆ ಹುಟ್ಟುವುದಕ್ಕೂ ಬಹಳ ಮುಂಚೆ ಇಲ್ಲಿ ಆಳವಿಲ್ಲದ ಕಡಲು ಇತ್ತು. ಅದರ ತಳದಲ್ಲಿ ಸಣ್ಣ ಕಣದ ಕೆಸರು ಪದರು ಪದರಾಗಿ ಕೂತು ಕಲ್ಲಾಯಿತು. 1870ರ ದಶಕದಲ್ಲಿ ಈ ಸೀಮೆಯನ್ನು ಅಳೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಶಿಲೆಗಳನ್ನು ಭೀಮಾ ಶ್ರೇಣಿ ಎಂಬ ಹೆಸರಿನಲ್ಲಿ ವರ್ಣಿಸಿದರು. ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದ ಹಾಗೆ ಕೂತ ಈ ಕಲ್ಲಿಗೆ ತನ್ನದೇ ಸಂದುಗಳಿವೆ. ಮೇಲಿನ ಮಣ್ಣು ಸರಿಸಿ, ಬೇಕಾದ ಅಳತೆಗೆ ಗೆರೆ ಎಳೆದು, ಗೆರೆಯುದ್ದಕ್ಕೂ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು, ಸಂದಿನಲ್ಲಿ ಹಾರೆ ತೂರಿಸಿ ಮೀಟಿದರೆ ಹಲಗೆ ಏಳುತ್ತದೆ. ಹೇಳಲು ಇಷ್ಟೇ. ಏಟು ಹಗುರಾದರೆ ಕಲ್ಲು ಬಾಯಿ ಬಿಡುವುದಿಲ್ಲ, ಜೋರಾದರೆ ಗೆರೆ ಬಿಟ್ಟು ತನಗೆ ಬೇಕಾದ ಕಡೆ ಒಡೆಯುತ್ತದೆ. ಈ ಹದಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು ಕಣ್ಣಳತೆ, ಇನ್ನೊಂದು ಕೈ ಕುದುರುವುದು. ಎರಡೂ ಕೂಡಿದರೆ ಕೆಲಸಗಾರ, ಒಂದೇ ಇದ್ದರೆ ದಿಬ್ಬ ಬೆಳೆಯುತ್ತದೆ.

ಇಲ್ಲಿಂದ ನೈರುತ್ಯಕ್ಕೆ, ಇವತ್ತಿನ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇಸಾಂಪುರ ಎಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ 1983ರಲ್ಲಿ ಈ ನೆಲೆಯನ್ನು ಗುರುತಿಸಿದರು. 1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಮಣ್ಣಿನಡಿ ಸಿಕ್ಕಿದ್ದು ಆದಿಮಾನವರ ಕಲ್ಲುಖಣಿ. ಭೀಮಾ ಬಯಲಿನದೇ ಸುಣ್ಣಕಲ್ಲು, ಸಿಲಿಕಾ ಸೇರಿ ಗಟ್ಟಿಯಾದದ್ದು, ಹಲಗೆ ಹಲಗೆಯಾಗಿ ಎದ್ದು ನಿಂತಿತ್ತು. ತಕ್ಕ ದಪ್ಪದ ಹಲಗೆ ಆರಿಸಿ, ಬೇರೆ ಜಾತಿಯ ಗಟ್ಟಿ ಗುಂಡುಕಲ್ಲುಗಳಿಂದ ಹೊಡೆದು ಕೈಗೊಡಲಿ, ಸೀಳುಗತ್ತಿಗಳನ್ನು ಅಲ್ಲೇ ಮಾಡಿದ್ದರು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ನೆಲೆಯ ವಯಸ್ಸು ಸುಮಾರು 12 ಲಕ್ಷ ವರ್ಷ ಎಂಬ ಅಂದಾಜು ಬಂತು. ಆಯುಧಕ್ಕಿಂತ ಎಷ್ಟೋ ಪಾಲು ಹೆಚ್ಚು ಸಿಕ್ಕಿದ್ದು ಚಕ್ಕೆ, ಚೂರು, ಅರ್ಧಕ್ಕೆ ಬಿಟ್ಟ ತುಂಡು. ಶಹಾಬಾದಿನ ದಿಬ್ಬದ ಮೊದಲ ಪೂರ್ವಜ ಅಲ್ಲಿದ್ದಾನೆ.

ಅವರು ಹೊಡೆದ ರೀತಿಯನ್ನು ಕಣ್ಣಾರೆ ನೋಡುವ ಹಾಗಿಲ್ಲ. ಆದರೆ ಇವತ್ತು ಕಲ್ಲು ಚಕ್ಕೆ ಎಬ್ಬಿಸಬಲ್ಲವರನ್ನು ಕೂರಿಸಿ ನೋಡಬಹುದು. ಟೆಟ್ಸುಶಿ ನೊನಾಕಾ, ಬ್ಲಾಂಡಿನ್ ಬ್ರಿಲ್ ಮತ್ತು ರಾಬರ್ಟ್ ರೈನ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸರಳ ಕರಾರು ಇತ್ತು: ಹೊಡೆಯುವುದಕ್ಕೆ ಮುಂಚೆ, ಏಳಲಿರುವ ಚಕ್ಕೆಯ ಅಂಚನ್ನು ಕಲ್ಲಿನ ಮೇಲೆ ಗೆರೆ ಎಳೆದು ತೋರಿಸಬೇಕು. ಪಳಗಿದವರು ಎಳೆದ ಗೆರೆಗೂ ಎದ್ದ ಚಕ್ಕೆಗೂ ಹೊಂದಿಕೆ ಇತ್ತು. ಹೊಸಬರಲ್ಲಿ ಗೆರೆ ಒಂದು ಕಡೆ, ಚಕ್ಕೆ ಇನ್ನೊಂದು ಕಡೆ. ಹೊಸಬರ ತೋಳಿನಲ್ಲಿ ಬಲ ಕಡಿಮೆಯಿರಲಿಲ್ಲ. ಕಲ್ಲು ಒಡೆಯುವ ಮೊದಲೇ ಒಡೆದದ್ದನ್ನು ಕಾಣುವ ಕಣ್ಣು ಅವರಿಗೆ ಇನ್ನೂ ಬಂದಿರಲಿಲ್ಲ.

ಬ್ರಿಲ್ ಮತ್ತು ವಾಲೆಂಟಿನ್ ರೂ ಇದಕ್ಕೂ ಮೊದಲು ಗುಜರಾತಿನ ಖಂಭಾತದಲ್ಲಿ ಅಕೀಕಿನ ಮಣಿ ಮಾಡುವವರನ್ನು ಅಧ್ಯಯನ ಮಾಡಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ, ಎಮ್ಮೆಕೊಂಬಿನ ತಲೆಯ ಹಗುರ ಸುತ್ತಿಗೆಯಿಂದ ತಟ್ಟುವುದು ಅಲ್ಲಿಯ ಪದ್ಧತಿ. ಕಲ್ಲಿನ ಬದಲು ಗಾಜು ಕೊಟ್ಟಾಗ ನುರಿತವರು ತಾವಾಗಿಯೇ ಏಟನ್ನು ತಗ್ಗಿಸಿದರು; ಅರೆಪಳಗಿದವರ ಕೈ ಹಳೆಯ ಏಟನ್ನೇ ಹೊಡೆಯಿತು. ಚಿಂಚೋಳಿಯ ಕಡೆ ಹೋದವರಿಗೆ ಇದು ಬೇಗ ತಿಳಿದೀತು. ಅಲ್ಲಿ ಸುಣ್ಣಕಲ್ಲಿನ ಸೀಮೆ ಮುಗಿಯುತ್ತ, ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲೂ ಅದರ ನೆತ್ತಿಯ ಕೆಂಪು ಜಂಬಿಟ್ಟಿಗೆಯೂ ಶುರುವಾಗುತ್ತವೆ. ಕರಿಕಲ್ಲು ಹಲಗೆಯಾಗಿ ಏಳುವುದಿಲ್ಲ. ಶಹಾಬಾದಿನಲ್ಲಿ ಕುದುರಿದ ಕೈ ಚಿಂಚೋಳಿಯಲ್ಲಿ ಮತ್ತೆ ಓನಾಮ ಕಲಿಯಬೇಕು.

ಇಸಾಂಪುರದಿಂದ ಸನ್ನತಿಗೆ ಕಾಲದಲ್ಲಿ ದೊಡ್ಡ ಜಿಗಿತ, ಕಲ್ಲಿನಲ್ಲಿ ಸಣ್ಣ ಹೆಜ್ಜೆ. ಚಿತ್ತಾಪುರ ಸೀಮೆಯ ಭೀಮಾ ದಂಡೆಯಲ್ಲಿರುವ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಒಂದು ಕಾಳಿಯ ಗುಡಿಯಿತ್ತು. ಅದರ ಛಾವಣಿ ಕುಸಿದು, 1980ರ ದಶಕದ ಕೊನೆಯಲ್ಲಿ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಮೂರ್ತಿಯ ಪೀಠದ ಚಪ್ಪಡಿಯ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು. ಪೀಠಕ್ಕೆಂದು ನಡುವೆ ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿದ್ದವು. ಉಳಿದವುಗಳಲ್ಲಿ ಹದಿನಾಲ್ಕನೆಯ ಬಂಡೆ ಶಾಸನದ ಭಾಗವೂ ಇದೆ. ಬೇರೆ ಕಡೆ ಇಡಿಯಾಗಿ ಸಿಕ್ಕಿರುವ ಅದರ ಪಾಠದಲ್ಲಿ ಚಕ್ರವರ್ತಿ ಒಂದು ಅಪರೂಪದ ಮಾತು ಒಪ್ಪಿಕೊಳ್ಳುತ್ತಾನೆ: ಎಲ್ಲಾದರೂ ಬರಹ ಅರೆಕೊರೆಯಾಗಿದ್ದರೆ ಅದಕ್ಕೆ ಕಾರಣಗಳಿರಬಹುದು, ಬರೆದವನ ತಪ್ಪೂ ಅವುಗಳಲ್ಲೊಂದು. ರಾಜಾಜ್ಞೆಯೂ ಕೊನೆಗೆ ಒಬ್ಬನ ಕಣ್ಣು ಕೈಗಳ ಮೂಲಕವೇ ಕಲ್ಲಿಗೆ ಇಳಿಯಬೇಕು, ಅಲ್ಲಿ ಜಾರಬಹುದು ಎಂಬುದನ್ನು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ ಅರಸರು ಕಡಿಮೆ.

ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ 1994ರಿಂದ ಅಗೆದಾಗ ಹೊರಬಂದ ಮಹಾಸ್ತೂಪದ ಹೊದಿಕೆಯೂ ಇದೇ ಸುಣ್ಣಕಲ್ಲು. ಅಂಗೈಯಗಲದ ಜಾಗದಲ್ಲಿ ಮುಖ, ಕೈ, ಆನೆಯ ಸೊಂಡಿಲು, ಬಟ್ಟೆಯ ನೆರಿಗೆ. ಒಂದು ಚಪ್ಪಡಿಯಲ್ಲಿ ರಾಜನೊಬ್ಬ ಪರಿವಾರದೊಡನೆ ನಿಂತಿದ್ದಾನೆ, ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದಿದೆ. ಪರಸಿಯಾಗಿ ಏಳುವ ಕಲ್ಲಿನಲ್ಲಿ ಚಿತ್ರ ಬಿಡಿಸುವುದು ಎರಡು ಅಲಗಿನ ಕೆಲಸ. ಕಣ ಸಣ್ಣದು, ಆದ್ದರಿಂದ ಉಳಿಯ ಮೊನೆಗೆ ಚೆನ್ನಾಗಿ ಒಲಿಯುತ್ತದೆ; ಪದರು ಇರುವುದರಿಂದ ಏಟು ಸ್ವಲ್ಪ ಹೆಚ್ಚಾದರೆ ಮುಖವೇ ಚಕ್ಕೆಯೆದ್ದು ಹೋಗಬಹುದು. ಮುಂದೆ ಕಾಗಿಣಾ ದಂಡೆಯಲ್ಲಿ ರಾಷ್ಟ್ರಕೂಟರ ಮಾನ್ಯಖೇಟ ಎದ್ದಿತು. ಇವತ್ತಿನ ಸೇಡಂ ತಾಲೂಕಿನ ಮಳಖೇಡದಲ್ಲಿ ಉಳಿದಿರುವ ಕೋಟೆಯ ಗೋಡೆಗಳಲ್ಲೂ ಕಾಣುವುದು ಈ ನೆಲದ ಸುಣ್ಣಕಲ್ಲೇ.

ಇಷ್ಟು ಕಾಲವೂ ಕಲ್ಲು ಎತ್ತಿನ ಬಂಡಿ ಹೋದಷ್ಟು ದೂರ ಹೋಗುತ್ತಿತ್ತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿಐಪಿ ರೈಲುಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ದಾರಿಯಲ್ಲಿ ಶಹಾಬಾದ್, ವಾಡಿ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಖಣಿಯ ಕಲ್ಲಿಗೆ ಎರಡೂ ದಿಕ್ಕು ತೆರೆಯಿತು. ಮುಂಬಯಿ, ಪುಣೆಯ ಅಡುಗೆಮನೆಗಳಲ್ಲಿ ‘ಶಹಾಬಾದಿ ಫರಶಿ’ ಎಂಬುದು ಮನೆಮಾತಾಯಿತು. ದೂರದ ಕಟ್ಟಡಕ್ಕೆ ಹೋಗುವ ಕಲ್ಲು ಒಂದೇ ಅಳತೆಯದಾಗಿರಬೇಕು, ಅಂಚು ಒಂದಕ್ಕೊಂದು ಕೂಡಬೇಕು. ಕಣ್ಣಳತೆಯ ಮೇಲೆ ಅಡಿಪಟ್ಟಿಯ ಕಾವಲು ಬಂತು, ದಿಬ್ಬಕ್ಕೆ ಬೀಳುವ ಕಲ್ಲೂ ಹೆಚ್ಚಿರಲೇಬೇಕು.

ಖಣಿಗಳಿಗೆ ರೈಲು ಬಂದು ಕಾಲು ಶತಮಾನ ಕಳೆದಾಗ, 1899ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಏಟು ಏಕೆ ತಪ್ಪುತ್ತದೆ ಎಂಬುದನ್ನು ಅಳೆಯಲು ಕೂತರು. ತಾಳಯಂತ್ರದ ಟಕ್ ಟಕ್‌ಗೆ ಸರಿಯಾಗಿ, ಉರುಳುವ ಕಾಗದದ ಮೇಲೆ ಗೊತ್ತಾದ ಉದ್ದದ ಗೆರೆ ಎಳೆಯಬೇಕು. ಒಮ್ಮೆ ಕಣ್ಣು ತೆರೆದು, ಒಮ್ಮೆ ಮುಚ್ಚಿ. ನಿಧಾನವಾಗಿ ಎಳೆದಾಗ ಕಣ್ಣು ತೆರೆದವರದು ಬಹಳ ಸರಿಯಾಗಿತ್ತು. ವೇಗ ಹೆಚ್ಚಿದ ಹಾಗೆ ತಪ್ಪೂ ಹೆಚ್ಚಿತು. ನಿಮಿಷಕ್ಕೆ ಸುಮಾರು 140 ಗೆರೆ ಆದಾಗ ಕಣ್ಣು ತೆರೆದಿದ್ದರೂ ಮುಚ್ಚಿದ್ದರೂ ಒಂದೇ ಆಯಿತು. ಇದರಿಂದ ವುಡ್‌ವರ್ತ್ ಕಂಡುಕೊಂಡದ್ದು ಇಷ್ಟು: ಚಲನೆಗೆ ಎರಡು ಭಾಗ. ಮೊದಲನೆಯದು ಮುಂಚೆಯೇ ನಿರ್ಧಾರವಾದ ಜಿಗಿತ. ಎರಡನೆಯದು ಗುರಿಯ ಹತ್ತಿರ ಕಣ್ಣು ನೋಡಿ ಮಾಡುವ ತಿದ್ದುಪಡಿ. ತಿದ್ದಲು ಸಮಯ ಬೇಕು. ಸುತ್ತಿಗೆ ಕೆಳಗಿಳಿಯುವ ಚಣದಲ್ಲಿ ಆ ಸಮಯ ಸಿಗುವುದಿಲ್ಲ. ಹೊಡೆದ ಏಟನ್ನು ತಿದ್ದಲಾಗದು, ತಿದ್ದಬಹುದಾದದ್ದು ಮುಂದಿನ ಏಟನ್ನು ಮಾತ್ರ.

ಹತ್ತು ವರ್ಷದ ಬಳಿಕ, 1909ರಲ್ಲಿ, ಹಂಗೇರಿಯ ವೈದ್ಯ ರೆಜೊ ಬಾಲಿಂಟ್ ಒಬ್ಬ ರೋಗಿಯ ವಿವರ ಬರೆದರು. ಅವನ ಕಣ್ಣು ಕಾಣುತ್ತಿತ್ತು, ತೋಳಿನಲ್ಲಿ ಶಕ್ತಿಯೂ ಇತ್ತು. ಆದರೆ ಕಂಡ ವಸ್ತುವಿಗೆ ಬಲಗೈ ಚಾಚಿದರೆ ಕೈ ಪಕ್ಕಕ್ಕೆ ಹೋಗುತ್ತಿತ್ತು, ಸಿಗರೇಟಿನ ತುದಿಗೆ ಹಚ್ಚಬೇಕಾದ ಬೆಂಕಿ ನಡುವಿಗೆ ತಗಲುತ್ತಿತ್ತು. ತನ್ನ ಮೈಯ ಭಾಗಗಳನ್ನು ಮುಟ್ಟು ಎಂದರೆ ಮಾತ್ರ ಕೈ ತಪ್ಪುತ್ತಿರಲಿಲ್ಲ. ಕೆಟ್ಟಿದ್ದದ್ದು ಮಿದುಳಿನ ಹಿಂಭಾಗದ ಮೇಲ್ಪಾರ್ಶ್ವ, ಕಂಡದ್ದನ್ನು ಕೈಗೆ ತಲುಪಿಸುವ ಸೇತುವೆ. ಕಣ್ಣು ಮತ್ತು ಕೈಯ ಹೊಂದಾಣಿಕೆಗೆ ಮಿದುಳಿನಲ್ಲಿ ತನ್ನದೇ ತಾಣವಿದೆ, ಅದು ಕಣ್ಣಿನದೂ ಅಲ್ಲ ಕೈಯದೂ ಅಲ್ಲ ಎಂಬ ಸುಳಿವು ಅಲ್ಲಿ ಸಿಕ್ಕಿತು.

ಮೂರನೆಯ ಅಧ್ಯಯನ ಖಣಿಗೆ ಅತಿ ಹತ್ತಿರದ್ದು. 1920ರ ದಶಕದ ಮಾಸ್ಕೋದಲ್ಲಿ, ಕಾರ್ಮಿಕರ ಚಲನೆಯನ್ನು ಅಧ್ಯಯನ ಮಾಡುವ ಕೇಂದ್ರ ಶ್ರಮ ಸಂಸ್ಥೆಯಲ್ಲಿ, ನಿಕೊಲಾಯ್ ಬರ್ನ್‌ಸ್ಟೈನ್ ಉಳಿಯ ಮೇಲೆ ಸುತ್ತಿಗೆ ಹೊಡೆಯುವವರ ಭುಜ, ಮೊಣಕೈ, ಮಣಿಕಟ್ಟು, ಸುತ್ತಿಗೆಗಳಿಗೆ ಪುಟ್ಟ ದೀಪ ಕಟ್ಟಿ, ಆ ದೀಪಗಳು ಸಾಗಿದ ಜಾಡನ್ನು ಫೋಟೊದಲ್ಲಿ ಹಿಡಿದರು. ನುರಿತವನ ತೋಳು ಪ್ರತಿಸಲವೂ ಒಂದೇ ಹಾದಿಯಲ್ಲಿ ಹೋಗುತ್ತದೆ ಎಂದು ಯಾರಾದರೂ ಊಹಿಸುತ್ತಿದ್ದರು. ಹಾಗಾಗಲಿಲ್ಲ. ಕೀಲುಗಳ ಹಾದಿ ಏಟಿನಿಂದ ಏಟಿಗೆ ಬೇರೆಯಾಗುತ್ತಿತ್ತು. ಸುತ್ತಿಗೆಯ ತುದಿ ಮಾತ್ರ ತನ್ನ ಜಾಗಕ್ಕೆ ಬರುತ್ತಿತ್ತು. ಭುಜ ಮಾಡಿದ ಸಣ್ಣ ಹೆಚ್ಚುಕಮ್ಮಿಯನ್ನು ಮೊಣಕೈ ಸರಿತೂಗಿಸುತ್ತಿತ್ತು, ಮೊಣಕೈಯದನ್ನು ಮಣಿಕಟ್ಟು. ಕೈ ಕುದುರುವುದು ಎಂದರೆ ತಪ್ಪು ಇಲ್ಲವಾಗುವುದು ಎಂದು ನಾವು ತಿಳಿದಿದ್ದೇವೆ. ಬರ್ನ್‌ಸ್ಟೈನ್ ತೋರಿಸಿದಂತೆ ತಪ್ಪುಗಳು ತಮ್ಮೊಳಗೇ ಚುಕ್ತಾ ಆಗುವುದನ್ನು ಕೈ ಕಲಿಯುತ್ತದೆ.

ಅದೇ ಕಾಲಕ್ಕೆ ಶಹಾಬಾದಿನಲ್ಲಿ ಕಲ್ಲಿಗೆ ಇನ್ನೊಂದು ಹಣೆಬರಹ ಬರೆಯಲಾಗುತ್ತಿತ್ತು. ಟಾಟಾ ಬಳಗದ ಶಹಾಬಾದ್ ಸಿಮೆಂಟ್ ಕಂಪನಿ ಅಲ್ಲಿ ಹುಟ್ಟಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯಲ್ಲಿ ಎಸಿಸಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತ. ಸಿಮೆಂಟಿಗೆ ಕಲ್ಲಿನ ಪದರು ಬೇಡ, ಅಂಚು ಬೇಡ. ಸಿಡಿಮದ್ದಿನಿಂದ ಒಡೆದು, ಕ್ರಷರಿಗೆ ಸುರಿದು, ಅರೆದು, ಸುಟ್ಟರೆ ಆಯಿತು. ಪರಸಿಯ ಖಣಿಯಲ್ಲಿ ಬೇಕಾಗುವ ಕಣ್ಣಳತೆಗೆ ಇಲ್ಲಿ ಕೆಲಸವಿಲ್ಲ. ಒಂದೇ ಬಯಲಿನ ಒಂದೇ ಕಲ್ಲು ಎರಡು ದಾರಿ ಹಿಡಿಯಿತು: ಒಂದರಲ್ಲಿ ಕಲ್ಲನ್ನು ಓದಬೇಕು, ಇನ್ನೊಂದರಲ್ಲಿ ಪುಡಿಮಾಡಬೇಕು.

ಯಂತ್ರದ ಕೈಗೂ ಮೊದಲು ಕಣ್ಣಿರಲಿಲ್ಲ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯೂನಿಮೇಟ್ ಎಂಬ ರೋಬೋಟ್ ತೋಳು, ಅಚ್ಚಿನಿಂದ ಬಂದ ಬಿಸಿ ಲೋಹದ ತುಂಡುಗಳನ್ನು ಎತ್ತಿ ಪಕ್ಕಕ್ಕಿಡುತ್ತಿತ್ತು. ಕಲಿಸಿದ ಹಾದಿಯನ್ನು ಕೂದಲೆಳೆಯಷ್ಟೂ ಬಿಡದೆ ನಡೆಯುವುದು ಅದರ ಗುಣ. ತುಂಡು ಒಂದು ಗೇಣು ಆಚೆ ಇದ್ದರೆ ಖಾಲಿ ಗಾಳಿಯನ್ನೇ ಹಿಡಿದು ಹೊರಡುತ್ತಿತ್ತು. ಬರ್ನ್‌ಸ್ಟೈನ್ ನೋಡಿದ ಕೆಲಸಗಾರನಿಗೆ ಇದು ನೇರ ವಿರುದ್ಧ: ಇಲ್ಲಿ ಹಾದಿ ಪ್ರತಿಸಲವೂ ಅದೇ, ಗುರಿ ತಲುಪುವುದು ಮಾತ್ರ ಅದೃಷ್ಟ. ಆ ದಶಕದಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ಕ್ಯಾಮೆರಾವನ್ನೂ ತೋಳನ್ನೂ ಒಂದು ಕಂಪ್ಯೂಟರಿಗೆ ಜೋಡಿಸಿ ಮರದ ಚೌಕಗಳನ್ನು ಪೇರಿಸುವ ಯತ್ನ ಶುರುವಾಯಿತು. ಕ್ಯಾಮೆರಾ ಕಂಡ ಜಾಗವನ್ನು ತೋಳಿನ ಲೆಕ್ಕಕ್ಕೆ ತರುವುದೇ ದೊಡ್ಡ ತಲೆನೋವು. ಬಾಲಿಂಟನ ರೋಗಿಯಲ್ಲಿ ಮುರಿದ ಸೇತುವೆಯನ್ನು ಎಂಜಿನಿಯರುಗಳು ಗಣಿತದಿಂದ ಕಟ್ಟಬೇಕಾಯಿತು, ಕ್ಯಾಮೆರಾ ಸ್ವಲ್ಪ ಅಲುಗಿದರೆ ಮತ್ತೆ ಮೊದಲಿಂದ.

ಇಸಾಂಪುರದ ಹೊಂಡದಲ್ಲಿ ಪದ್ದಯ್ಯನವರ ತಂಡ ಚಕ್ಕೆಗಳನ್ನು ಎಣಿಸುತ್ತಿದ್ದ ಹೊತ್ತಿಗೆ, ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಯೊಹಾನ್ಸನ್ ಮತ್ತು ಸಂಗಡಿಗರು ಕೈ ಕೆಲಸ ಮಾಡುವಾಗ ಕಣ್ಣು ಎಲ್ಲಿರುತ್ತದೆ ಎಂದು ಹುಡುಕುತ್ತಿದ್ದರು. ಒಂದು ಸಣ್ಣ ಪಟ್ಟಿಯನ್ನು ಹಿಡಿದೆತ್ತಿ, ಅಡ್ಡಿಯೊಂದನ್ನು ದಾಟಿಸಿ, ಗುಂಡಿಯೊಂದನ್ನು ಒತ್ತಬೇಕು; ಇಷ್ಟೇ ಕೆಲಸ. 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಯಾರೂ ತಮ್ಮ ಕೈಯನ್ನು ನೋಡಲಿಲ್ಲ, ಕೈಯಲ್ಲಿ ಸಾಗುತ್ತಿದ್ದ ಪಟ್ಟಿಯನ್ನೂ ನೋಡಲಿಲ್ಲ. ಕಣ್ಣು ಮೊದಲು ಹಿಡಿಯುವ ಜಾಗದಲ್ಲಿ ಕೂತಿತು, ಬೆರಳು ಅಲ್ಲಿಗೆ ಮುಟ್ಟುತ್ತಲೇ ಅಡ್ಡಿಯ ತುದಿಗೆ ಹಾರಿತು, ಅಲ್ಲಿಂದ ಗುಂಡಿಗೆ. ಕೈ ಬರುವುದಕ್ಕೆ ಮುಂಚೆ ಹೋಗಿ, ಬಂದದ್ದನ್ನು ಖಾತ್ರಿ ಮಾಡಿಕೊಂಡು, ಮುಂದಿನ ನಿಲ್ದಾಣಕ್ಕೆ ಹೊರಡುವುದು ಕಣ್ಣಿನ ರೀತಿ. ಪರಸಿ ಹೊಡೆಯುವವನು ಸುತ್ತಿಗೆಯನ್ನು ನೋಡುವುದಿಲ್ಲ. ಅವನ ನೋಟ ಗೆರೆಯ ಮೇಲಿರುತ್ತದೆ.

ಕಣ್ಣು ಮುಂದೆ, ಕೈ ಹಿಂದೆ. ಹಾಗಾದರೆ ಮಿದುಳು ಎರಡು ಬೇರೆ ಆಜ್ಞೆ ಕೊಡುತ್ತದೆಯೋ, ಒಂದೇ ಆಜ್ಞೆಯೋ? ಫ್ರಾನ್ಸಿನ ಬಿಗೇರ್, ಜನ್ನೆರೋ, ಪ್ರಾಬ್ಲಾನ್ 1982ರಲ್ಲೇ ಒಂದು ಸುಳಿವು ಕೊಟ್ಟಿದ್ದರು: ಕಣ್ಣು ಮೊದಲು ಹೊರಟಂತೆ ಕಂಡರೂ ತೋಳಿನ ಸ್ನಾಯುವಿಗೆ ವಿದ್ಯುತ್ ಸಂಕೇತ ಹೆಚ್ಚುಕಡಿಮೆ ಅದೇ ಹೊತ್ತಿಗೆ ತಲುಪಿರುತ್ತದೆ, ತೋಳು ಭಾರವಾದ್ದರಿಂದ ತಡವಾಗಿ ಏಳುತ್ತದೆ. ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲೇ ಮುಂದುವರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ಆದಿತ್ಯ ಮೂರ್ತಿ ಮತ್ತು ಅವರ ಸಂಗಡಿಗರಾದ ಅತುಲ್ ಗೋಪಾಲ್, ಸುಮಿತಾಶ್ ಜನಾ ಮೊದಲಾದವರು. ಪರದೆಯ ಮೇಲೆ ಚುಕ್ಕೆ ಕಂಡೊಡನೆ ಕಣ್ಣೂ ಬೆರಳೂ ಅಲ್ಲಿಗೆ ಹೋಗಬೇಕು. ಸಾಮಾನ್ಯವಾಗಿ ಹೆಚ್ಚು ಸಮಯ ಹಿಡಿಯುವ ಚಲನೆಯಲ್ಲಿ ಏರುಪೇರೂ ಹೆಚ್ಚು. ಆದರೆ ಕಣ್ಣಿನ ಜೊತೆ ಹೊರಟ ಕೈ ತಡವಾಗಿ ಹೊರಟರೂ ಅದರ ಏರುಪೇರು ಕಣ್ಣಿನಷ್ಟೇ ಇತ್ತು. ಒಂದೇ ಗಂಟೆಯ ಸದ್ದಿಗೆ ಇಬ್ಬರು ಹೊರಟು, ಒಬ್ಬನಿಗೆ ಚಪ್ಪಲಿ ಮೆಟ್ಟಲು ಒಂದಿಷ್ಟು ಹೊತ್ತು ಹಿಡಿದಂತೆ. ಎರಡಕ್ಕೂ ಒಂದೇ ಮೂಲದ ಆಜ್ಞೆ ಎಂಬ ಮಾದರಿಯನ್ನು ಅವರು ಮುಂದಿಟ್ಟರು. ಆಜ್ಞೆ ಒಂದು ಹಂತ ದಾಟಿದ ಮೇಲೆ ಹಿಂದೆಗೆಯಲಾಗದು ಎಂಬುದೂ ಆ ಮಾದರಿಯಲ್ಲಿದೆ. ಕೆಲಸ ಬೇರೆಯಾದರೆ ಕಣ್ಣು, ಕೈ ಬೇರೆ ಬೇರೆ ಆಜ್ಞೆಗಳಿಗೂ ಒಳಪಡಬಹುದು ಎಂದು ಅವರದೇ ಮುಂದಿನ ಅಧ್ಯಯನಗಳು ತೋರಿಸಿದವು.

ಯಂತ್ರಗಳೂ ಕೊನೆಗೆ ದಿಬ್ಬದ ದಾರಿಗೇ ಬಂದವು. 2016ರಲ್ಲಿ ಗೂಗಲ್‌ನ ಸೆರ್ಗೈ ಲೆವಿನ್ ಮತ್ತು ಸಂಗಡಿಗರು ಹದಿನಾಲ್ಕರವರೆಗೆ ರೋಬೋಟ್ ತೋಳುಗಳನ್ನು ಸಾಲಾಗಿ ನಿಲ್ಲಿಸಿ, ಬುಟ್ಟಿಯಲ್ಲಿನ ಕಂಡಕಂಡ ಸಾಮಾನುಗಳನ್ನು ಹಿಡಿಯಲು ಬಿಟ್ಟರು. ಎರಡು ತಿಂಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಯತ್ನ. ಕ್ಯಾಮೆರಾ ಎಲ್ಲಿದೆ, ತೋಳು ಎಲ್ಲಿದೆ ಎಂಬ ಕಟ್ಟುನಿಟ್ಟಾದ ಲೆಕ್ಕ ಕೊಟ್ಟಿರಲಿಲ್ಲ. ಹಿಡಿತ ಜಾರಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂಬುದರಿಂದಲೇ ಯಂತ್ರ ಕಲಿಯಿತು; ಕೈ ಸಾಗುತ್ತಿರುವಾಗಲೇ ನೋಡಿ ತಿದ್ದಿಕೊಳ್ಳುವುದನ್ನೂ ಕಲಿಯಿತು. ಮಗುವೂ ಕಲಿಯುವುದನ್ನು ಕಲಿಯಲು ಯಂತ್ರಕ್ಕೆ ಲಕ್ಷಗಟ್ಟಲೆ ಯತ್ನ ಬೇಕಾದವು ಎಂದು ನಗಬಹುದು. ಆದರೆ ತಪ್ಪಿಲ್ಲದೆ ಕುದುರಿದ ಕೈ ಎಲ್ಲಿಯೂ ಇಲ್ಲ ಎಂಬುದನ್ನು ಯೂನಿಮೇಟಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಎಂಜಿನಿಯರುಗಳು ಒಪ್ಪಿಕೊಂಡಿದ್ದರು.

ಪರಸಿಯ ಖಣಿಗಳಿಗೂ ಯಂತ್ರ ಬಂದಿದೆ. ಹಳಿಯ ಮೇಲೆ ಓಡುವ ಗರಗಸ ಚಕ್ರ ನೆಲದಲ್ಲೇ ಉದ್ದಕ್ಕೂ ಅಡ್ಡಕ್ಕೂ ಸೀಳು ಹಾಕುತ್ತದೆ, ಆಮೇಲೆ ಹಾರೆ ಹಾಕಿ ಎಬ್ಬಿಸಬೇಕು. ಅಂಚು ದಾರ ಹಿಡಿದಂತೆ ನೇರ. ಯಾವ ಪದರಿನಲ್ಲಿ ಎಬ್ಬಿಸಿದರೆ ಹಲಗೆ ಇಡಿಯಾಗಿ ಬರುತ್ತದೆ ಎಂಬುದನ್ನು ಮಾತ್ರ ಚಕ್ರ ಹೇಳಲಾರದು. ಅಲ್ಲಿ ಇನ್ನೂ ಮನುಷ್ಯ ಬಗ್ಗಿ ನೋಡುತ್ತಾನೆ. ದಿಬ್ಬಗಳೂ ಇನ್ನೂ ಬೆಳೆಯುತ್ತಿವೆ.

ಸೇಡಂನಲ್ಲೋ ಚಿತ್ತಾಪುರದಲ್ಲೋ ಹಳೆಯ ಮನೆ ಬಿಚ್ಚುವಾಗ ಪಡಸಾಲೆಯ ಒಂದು ಪರಸಿಯನ್ನು ಎತ್ತಿ ಅದರ ಅಂಚನ್ನು ನೋಡಿ. ತುಳಿದು ತುಳಿದು ಮೇಲ್ಮೈ ನುಣುಪಾಗಿರುತ್ತದೆ. ಅಂಚಿನಲ್ಲಿ ಉಳಿಯ ಕಚ್ಚುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಅವುಗಳ ನಡುವಿನ ಅಂತರ ಎಂದೂ ಸಮ ಇರುವುದಿಲ್ಲ. ಎಲ್ಲೋ ಒಂದು ಕಡೆ ಗೆರೆಯಿಂದ ಕಡಲೆಕಾಳಿನಷ್ಟು ಸರಿದ ಕಚ್ಚು, ಅದರ ಮಗ್ಗುಲಲ್ಲೇ ಗೆರೆಯ ಮೇಲೆ ಇನ್ನೊಂದು. ಮೊದಲ ಏಟು ಜಾರಿದ್ದನ್ನು ಯಾರದೋ ಕಣ್ಣು ನೋಡಿದೆ, ಎರಡನೆಯದನ್ನು ಕೈ ತಿದ್ದಿದೆ. ದಿಬ್ಬಕ್ಕೆ ಹೋಗಬೇಕಾಗಿದ್ದ ಕಲ್ಲು ಪಡಸಾಲೆಗೆ ಬಂದದ್ದು ಆ ಎರಡು ಕಚ್ಚುಗಳ ನಡುವಿನ ಚಣದಲ್ಲಿ.